ಹೈಸ್ಕೂಲಿಗೆ ಧರ್ಮ, ನೀತಿಯ ಪಾಠ: ಐದು ದಾರಿಗಳಲ್ಲಿ ನಿಮ್ಮ ಶಾಲೆಗೆ ಯಾವುದು?

ಜೂನ್‌ನಲ್ಲಿ ಟೈಂಟೇಬಲ್ ಬರೆಯಲು ಕೂತಾಗ ಎಷ್ಟೋ ಶಾಲೆಗಳಲ್ಲಿ ಒಂದು ಖಾನೆ ಉಳಿಯುತ್ತದೆ. ವಾರಕ್ಕೊಂದು ಪೀರಿಯಡ್. ಅದರ ಮೇಲೆ ‘ಮೌಲ್ಯ ಶಿಕ್ಷಣ’ ಎಂದು ಬರೆದಾಗಿರುತ್ತದೆ, ಒಳಗೇನು ತುಂಬಬೇಕು ಎನ್ನುವುದು ಮಾತ್ರ ತೀರ್ಮಾನವಾಗಿರುವುದಿಲ್ಲ. ಪೋಷಕರ ಸಭೆ ಕರೆದರೆ ಒಬ್ಬರು ಗೀತೆ ಹೇಳಿಕೊಡಿ ಎನ್ನುತ್ತಾರೆ, ಇನ್ನೊಬ್ಬರು ಎಲ್ಲ ಧರ್ಮದ್ದೂ ತಿಳಿಯಲಿ ಎನ್ನುತ್ತಾರೆ, ಮತ್ತೊಬ್ಬರಿಗೆ ಧರ್ಮದ ಗೊಡವೆಯೇ ಬೇಡ, ನಡತೆ ನೆಟ್ಟಗಾದರೆ ಸಾಕು. ಗಣಿತದ ಮೇಷ್ಟ್ರಿಗೋ, ಆ ಪೀರಿಯಡ್ ತಮಗೇ ಸಿಕ್ಕಿದರೆ ಸಾಕು.

8ರಿಂದ 10ನೇ ತರಗತಿಯ ಮಟ್ಟಿಗೆ ಶಾಲೆಗಳ ಮುಂದಿರುವುದು ಐದು ದಾರಿ: ಪ್ರತ್ಯೇಕ ಮೌಲ್ಯ ಶಿಕ್ಷಣದ ಪೀರಿಯಡ್, ಇರುವ ಪಠ್ಯದೊಳಗೇ ಬೆರೆಸುವುದು, ಧರ್ಮಗಳ ಪರಿಚಯದ ಘಟಕ, ಸಂದಿಗ್ಧಗಳ ಚರ್ಚೆ, ಸ್ವಂತ ಪರಂಪರೆಯ ಬೋಧನೆ. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ಉತ್ತರವಿಲ್ಲ. ಬೆಂಚಿನ ಮೇಲೆ ಯಾರು ಕೂತಿದ್ದಾರೆ, ಅವರ ಮುಂದೆ ಯಾರು ನಿಲ್ಲುತ್ತಾರೆ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಮೊದಲು ಅಳತೆಗೋಲು

ಕಾನೂನಿನಿಂದ ಶುರು ಮಾಡೋಣ. ಸಂವಿಧಾನದ 28(1)ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೊಡುವಂತಿಲ್ಲ. ಪೋಷಕರೆಲ್ಲ ಸಹಿ ಹಾಕಿಕೊಟ್ಟರೂ ಸರ್ಕಾರಿ ಪ್ರೌಢಶಾಲೆಗೆ ಆ ಬಾಗಿಲು ತೆರೆಯುವುದಿಲ್ಲ. ಅನುದಾನಿತ ಶಾಲೆಗೂ ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ 28(3) ಅನ್ವಯಿಸುತ್ತದೆ. ಅಲ್ಲಿ ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಯಾವ ಮಗುವನ್ನೂ ಒತ್ತಾಯಿಸಿ ಕೂರಿಸುವಂತಿಲ್ಲ. ಮಗು ಅಪ್ರಾಪ್ತವಾದ್ದರಿಂದ ಪೋಷಕರ ಒಪ್ಪಿಗೆ ಬೇಕು.

ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ. ಕೊಠಾರಿ ಆಯೋಗ (1964–66) ಈ ಗೆರೆಯನ್ನು ಸ್ಪಷ್ಟವಾಗಿಯೇ ಎಳೆದಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ಧರ್ಮಗಳ ಬಗ್ಗೆ ಕಲಿಸುವುದು 28ನೇ ವಿಧಿಗೆ ವಿರುದ್ಧವಲ್ಲ ಎಂದಿತು. ಪಾಠದ ನಡುವೆ ಈ ಗೆರೆ ಎಲ್ಲಿದೆ ಎಂದು ಕಂಡುಕೊಳ್ಳಲು ವಾಕ್ಯದ ಕೊನೆಯನ್ನು ಗಮನಿಸಿದರಾಯಿತು. ‘ದೇವರು ಒಬ್ಬನೇ’ ಎಂದು ಮುಗಿಸಿದರೆ ಬೋಧನೆ, ‘ದೇವರು ಒಬ್ಬನೇ ಎಂದು ಇಂಥವರು ನಂಬುತ್ತಾರೆ’ ಎಂದು ಮುಗಿಸಿದರೆ ಪರಿಚಯ. ಹೆಚ್ಚಿನವರು ಎಡವುವುದು ಪರಧರ್ಮದ ವಿಷಯದಲ್ಲಲ್ಲ, ತಮ್ಮದರ ವಿಷಯದಲ್ಲಿ. ರಂಜಾನ್ ಬಗ್ಗೆ ಹೇಳುವಾಗ ‘ಮುಸ್ಲಿಮರು ನಂಬುವಂತೆ’ ಎಂದವರೇ ಏಕಾದಶಿಗೆ ಬಂದಾಗ ‘ಉಪವಾಸವಿದ್ದರೆ ಪುಣ್ಯ ಬರುತ್ತದೆ’ ಎಂದುಬಿಡುತ್ತಾರೆ. ಮಕ್ಕಳ ಕಿವಿ ಇಂಥದ್ದಕ್ಕೆ ಬಹಳ ಚುರುಕು.

ಎರಡನೆಯದು ಸಮಯ. 40 ನಿಮಿಷದ ಪೀರಿಯಡ್ ವಾರಕ್ಕೊಂದರಂತೆ 30 ವಾರಕ್ಕೆ 20 ಗಂಟೆ. ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವದ ತಾಲೀಮು ಕಳೆದರೆ ಕೈಗೆ ಸಿಗುವುದು 15 ಗಂಟೆ ಎಂದಿಟ್ಟುಕೊಳ್ಳಿ. ಹತ್ತನೇ ತರಗತಿಯಲ್ಲಿ ಜನವರಿಯ ನಂತರದ್ದನ್ನು ಲೆಕ್ಕಕ್ಕೇ ಹಿಡಿಯಬೇಡಿ. 30 ಪಾಠದ ಯೋಜನೆ ಬರೆದವರು ಹತ್ತನೆಯದರಲ್ಲೇ ನಿಲ್ಲುವುದು ಈ ಲೆಕ್ಕ ತಪ್ಪುವುದರಿಂದಲೇ.

ಇನ್ನು ಮೂರು ಪ್ರಶ್ನೆ. ತರಬೇತಿಯಿಲ್ಲದ ಶಿಕ್ಷಕರೂ ಇದನ್ನು ಕೆಡಿಸದೆ ನಡೆಸಬಲ್ಲರೇ? ತರಗತಿಯಲ್ಲಿ ತನ್ನ ಸಮುದಾಯಕ್ಕೆ ತಾನೊಬ್ಬನೇ ಆಗಿರುವ ಮಗುವಿಗೆ ಆ 40 ನಿಮಿಷ ಹೇಗಿರುತ್ತದೆ? ಮಾರ್ಚ್‌ನಲ್ಲಿ, ಇಷ್ಟು ಕಲಿತರು ಎಂದು ತೋರಿಸಲು ಏನಾದರೂ ಇರುತ್ತದೆಯೇ?

ಪ್ರತ್ಯೇಕ ಮೌಲ್ಯ ಶಿಕ್ಷಣದ ಪೀರಿಯಡ್

ಖರ್ಚು ಇಲ್ಲ, ಆಕ್ಷೇಪ ಇಲ್ಲ, ಟೈಂಟೇಬಲ್‌ನಲ್ಲಿ ಎದ್ದು ಕಾಣುತ್ತದೆ. ಆದ್ದರಿಂದಲೇ ಹೆಚ್ಚಿನ ಶಾಲೆಗಳು ಇದನ್ನೇ ಹಿಡಿಯುತ್ತವೆ, ಹೆಚ್ಚಾಗಿ ಕೆಡುವುದೂ ಇದೇ. ಐದನೇ ತರಗತಿಗೆ ಒಪ್ಪುವ ನೀತಿಕಥೆಯನ್ನು ಹದಿನಾಲ್ಕರ ಹುಡುಗರ ಮುಂದೆ ಓದಿ, ಕೊನೆಗೆ ‘ಇದರಿಂದ ತಿಳಿಯುವ ನೀತಿ’ ಎಂದು ಹೇಳಿಸುತ್ತಾರೆ. ನೀತಿ ಏನೆಂದು ಕಥೆ ಶುರುವಾದಾಗಲೇ ಅವರಿಗೆ ಗೊತ್ತಾಗಿರುತ್ತದೆ. ಸುಳ್ಳು ಹೇಳಬಾರದು ಎಂಬುದು ಹೈಸ್ಕೂಲು ಮಕ್ಕಳಿಗೆ ತಿಳಿಯದ ಸಂಗತಿಯಲ್ಲ. ನಿಜ ಹೇಳಿದರೆ ಗೆಳೆಯನಿಗೆ ಏಟು ಬೀಳುತ್ತದೆ ಎಂದಾಗ ಏನು ಮಾಡಬೇಕು ಎಂಬುದು ತಿಳಿಯದ ಸಂಗತಿ.

ಈ ದಾರಿಯನ್ನೇ ಹಿಡಿಯುವುದಾದರೆ ಎರಡು ತಿದ್ದುಪಡಿ ಮಾಡಿಕೊಳ್ಳಿ. ವಾರಕ್ಕೊಂದು ಗುಣ ಎಂದು ಓಡದೆ ಒಂದೇ ವಿಷಯವನ್ನು ಮೂರು ವಾರ ಹಿಡಿಯಿರಿ. ಪೀರಿಯಡ್ಡನ್ನು ಮಧ್ಯಾಹ್ನದ ಕೊನೆಗೆ ತಳ್ಳದೆ ಬೆಳಗಿನ ಎರಡನೆಯದೋ ಮೂರನೆಯದೋ ಆಗಿಸಿ. ಕೊನೆಯ ಪೀರಿಯಡ್ ಎಂದರೆ ಬಿಟ್ಟುಕೊಡಬಹುದಾದದ್ದು ಎಂದೇ ಶಾಲೆಯಲ್ಲಿ ಅರ್ಥ.

ಪಠ್ಯದೊಳಗೇ ಬೆರೆಸುವುದು

ಹೊಸ ಪೀರಿಯಡ್ ಬೇಡ, ಹೊಸ ಪುಸ್ತಕ ಬೇಡ. ಕನ್ನಡದಲ್ಲಿ ವಚನ, ಕೀರ್ತನೆಗಳಿವೆ. ಸಮಾಜ ವಿಜ್ಞಾನದಲ್ಲಿ ಬುದ್ಧ, ಮಹಾವೀರ, ಬಸವಣ್ಣ, ಭಕ್ತಿ ಮತ್ತು ಸೂಫಿ ಪಂಥಗಳಿವೆ. ವಿಜ್ಞಾನದಲ್ಲಿ ರಕ್ತದಾನ, ಲಸಿಕೆ, ಪ್ರಾಣಿಗಳ ಬಳಕೆ ಇವೆ. ಕರ್ನಾಟಕದ ಶಿಕ್ಷಕರಿಗಂತೂ ಕಲ್ಲಿನ ಮೇಲೆ ಕೆತ್ತಿದ ಪಾಠಗಳೇ ಇವೆ. ಶ್ರವಣಬೆಳಗೊಳದಲ್ಲಿ 1368ರ ಬುಕ್ಕರಾಯನ ಶಾಸನ ನೋಡಿ. ಜೈನರು ತಮಗಾದ ಅನ್ಯಾಯವನ್ನು ಅರಸನಿಗೆ ಹೇಳಿಕೊಳ್ಳುತ್ತಾರೆ. ಅರಸ ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎನ್ನುತ್ತಾನೆ. ಜೈನ ದರ್ಶನಕ್ಕೆ ಹಾನಿಯಾದರೆ ವೈಷ್ಣವರು ಅದನ್ನು ತಮ್ಮ ದರ್ಶನಕ್ಕಾದ ಹಾನಿಯೆಂದೇ ಎಣಿಸಬೇಕು ಎನ್ನುತ್ತಾನೆ. ‘ಸಾಮರಸ್ಯದ ಸಂಕೇತ’ ಎಂದು ಒಂದು ಸಾಲಿನಲ್ಲಿ ಮುಗಿಸಿದರೆ ಇದು ಟಿಪ್ಪಣಿಯಾಗುತ್ತದೆ. ‘ಕಾಪಾಡುವ ಹೊಣೆಯನ್ನು ಹೆಚ್ಚು ಜನರಿದ್ದವರ ಮೇಲೇಕೆ ಹೊರಿಸಿದ?’ ಎಂದು ಕೇಳಿದರೆ ನೀತಿಯ ಪಾಠವಾಗುತ್ತದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಸಿಕ್ಕ ಅಶೋಕನ ಶಾಸನದಲ್ಲಿ 12ನೇ ಶಿಲಾಶಾಸನದ ಪಾಠವಿದೆ: ಭಕ್ತಿಯ ಭರದಲ್ಲಿ ತನ್ನ ಪಂಥವನ್ನು ಹೊಗಳಿ ಪರರದನ್ನು ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ ಎಂದು. ಒಂಬತ್ತನೇ ತರಗತಿಯಲ್ಲಿ ಒಂದಿಡೀ ಪೀರಿಯಡ್ ಮಾತಾಡಿಸಲು ಈ ಒಂದು ವಾಕ್ಯ ಸಾಕು.

ತೊಂದರೆ ಏನೆಂದರೆ, ಎಲ್ಲರ ಕೆಲಸ ಎಂದಾದದ್ದು ಯಾರ ಕೆಲಸವೂ ಆಗದೆ ಉಳಿಯುತ್ತದೆ. ತಪ್ಪಿಸಲು ಜೂನ್‌ನಲ್ಲೇ ಪ್ರತಿ ವಿಷಯ ಶಿಕ್ಷಕರು ನಾಲ್ಕು ಪಾಠ ಗುರುತಿಸಿ, ಪ್ರತಿಯೊಂದಕ್ಕೂ ಒಂದು ಪ್ರಶ್ನೆ ಬರೆದಿಟ್ಟು, ಪಾಠದ ಕೊನೆಗೆ 10 ನಿಮಿಷ ಮೀಸಲಿಡಲಿ. ಐವರು ಶಿಕ್ಷಕರು, ತಲಾ ನಾಲ್ಕು ಪಾಠ, ಹತ್ತು ಹತ್ತು ನಿಮಿಷ: ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ. ಇದು ಕಡಿಮೆಯೇ. ಆದರೆ ನಿಜವಾಗಿ ನಡೆಯುವ ಮೂರು ಗಂಟೆ, ಕಾಗದದ ಮೇಲಿನ ಇಪ್ಪತ್ತು ಗಂಟೆಗಿಂತ ಮೇಲು.

ಧರ್ಮಗಳ ಪರಿಚಯದ ಘಟಕ

ತಯಾರಿ ಹೆಚ್ಚು ಬೇಡುವುದು ಇದು. ಚೆನ್ನಾಗಿ ನಡೆದರೆ ಬಹುಕಾಲ ನೆನಪಿನಲ್ಲಿ ಉಳಿಯುವುದೂ ಇದೇ. ಒಂಬತ್ತನೇ ತರಗತಿಗೆ 12 ಪೀರಿಯಡ್ ಸಾಕು, ಹತ್ತಕ್ಕೆ ಹಾಕಬೇಡಿ.

ಒಂದೊಂದೇ ಧರ್ಮ ಹಿಡಿದು ಹೋಗುವುದೋ, ವಿಷಯ ಹಿಡಿದು ಹೋಗುವುದೋ? ಧರ್ಮಕ್ಕೊಂದು ಪಾಠ ಎಂದರೆ ಶಿಕ್ಷಕರಿಗೆ ಸುಲಭ, ಆದರೆ ಅದು ಸ್ಥಾಪಕ, ಗ್ರಂಥ, ಹಬ್ಬ, ಪೂಜಾಸ್ಥಳ ಎಂಬ ನಾಲ್ಕು ಕಂಬಸಾಲಿನ ಪಟ್ಟಿಯಾಗಿ ಬತ್ತಿಹೋಗುತ್ತದೆ. ಸ್ಥಾಪಕನೇ ಇಲ್ಲದ ಪರಂಪರೆಗಳು ಆ ಪಟ್ಟಿಯಲ್ಲಿ ಕೂರುವುದಿಲ್ಲ. ಊರ ಮಾರಮ್ಮ, ತುಳುನಾಡಿನ ಭೂತಾರಾಧನೆ, ಸೋಲಿಗರ ಆಚರಣೆಗಳಂತೂ ಪೂರ್ತಿ ಹೊರಗುಳಿಯುತ್ತವೆ, ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದು ಅವನ್ನೇ ಆಗಿದ್ದರೂ. ವಿಷಯ ಹಿಡಿದು ಹೋಗುವುದು ಕಷ್ಟ, ಆದರೆ ಅದನ್ನೇ ಆರಿಸಿ.

ಮೊದಲ ಎರಡು ಪೀರಿಯಡ್‌ನಲ್ಲಿ ಊರಿನ ನಕ್ಷೆ: ಶಾಲೆಯಿಂದ ನಡೆದು ಹೋಗುವ ದೂರದಲ್ಲಿರುವ ಗುಡಿ, ಮಸೀದಿ, ದರ್ಗಾ, ಚರ್ಚು, ಬಸದಿ, ನಾಗರಕಟ್ಟೆ ಎಲ್ಲವನ್ನೂ ಗುಂಪಾಗಿ ಗುರುತಿಸಲಿ. ಮುಂದಿನ ಎಂಟು ಪೀರಿಯಡ್‌ಗೆ ನಾಲ್ಕು ವಿಷಯ, ತಲಾ ಎರಡು: ಉಪವಾಸ, ದಾನ, ಯಾತ್ರೆ, ಸಾವು. ದಾನದ ಪಾಠದಲ್ಲಿ ಶರಣರ ದಾಸೋಹ, ಸಿಖ್ಖರ ಲಂಗರ್ (ಗುರುದ್ವಾರದ ಸಾಮೂಹಿಕ ಊಟ), ಜೈನರ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನ, ವರ್ಷವಿಡೀ ಉಳಿದ ಸಂಪತ್ತಿನ ಮೇಲೆ ಮುಸ್ಲಿಮರು ಕೊಡುವ ಶೇ 2.5ರ ಝಕಾತ್ ಒಂದೇ ಹಲಗೆಯ ಮೇಲೆ ಬರುತ್ತವೆ. ಕೊಡುವುದು ಕಡ್ಡಾಯವಾಗಬೇಕೋ ಮನಸ್ಸಿಗೆ ಬಿಟ್ಟದ್ದೋ, ಉಣ್ಣುವವನು ಕೊಡುವವನ ಪಕ್ಕದಲ್ಲೇ ಕೂತರೆ ಏನು ಬದಲಾಗುತ್ತದೆ ಎಂಬ ಪ್ರಶ್ನೆಗಳನ್ನು ಮಕ್ಕಳೇ ಎತ್ತುತ್ತಾರೆ. ಸಾವಿನ ಪಾಠಕ್ಕೆ ಮೊದಲು, ಆ ವರ್ಷ ಮನೆಯಲ್ಲಿ ಸಾವು ಕಂಡ ಮಗು ತರಗತಿಯಲ್ಲಿದೆಯೇ ಎಂದು ವಿಚಾರಿಸಿಕೊಳ್ಳಿ. ಇದ್ದರೆ ಆ ವಿಷಯ ಬಿಟ್ಟು ನಾಮಕರಣ ಹಿಡಿಯಿರಿ. ಉಳಿದ ಎರಡು ಪೀರಿಯಡ್ ಭೇಟಿಗೂ ಬರಹಕ್ಕೂ.

ಎಲ್ಲಿ ಕೆಡುತ್ತದೆ? ತರಗತಿಯಲ್ಲಿರುವ ಒಬ್ಬಳೇ ಕ್ರೈಸ್ತ ಹುಡುಗಿಯನ್ನು ಎಬ್ಬಿಸಿ ‘ನಿಮ್ಮಲ್ಲಿ ಹೇಗೆ, ಹೇಳಮ್ಮ’ ಎಂದಾಗ. ಅವಳು ತನ್ನ ಸಮುದಾಯದ ವಕ್ತಾರಳಲ್ಲ. ತಾನಾಗಿ ಹೇಳಿದರೆ ಕೇಳಬೇಕು, ಅಷ್ಟೆ. ‘ಅನುಭವ ಆಗಲಿ’ ಎಂದು ತರಗತಿಯಲ್ಲಿ ನಮಾಜನ್ನೋ ಆರತಿಯನ್ನೋ ಮಾಡಿಸಿದಾಗ ಪರಿಚಯ ಆಚರಣೆಯಾಗುತ್ತದೆ, ಕಾನೂನಿನ ಗೆರೆಯೂ ದಾಟಿರುತ್ತದೆ. ಊರಿನ ನಕ್ಷೆ ಬರೆಯುವಾಗಲೇ ‘ಆ ಗುಡಿಯೊಳಗೆ ನಮ್ಮನ್ನು ಬಿಡಲ್ಲ ಸಾರ್’ ಎಂಬ ಮಾತು ಬರುತ್ತದೆ. ಆಗ ಮಾತು ಮರೆಸುವ ಶಿಕ್ಷಕರು ಇಡೀ ಘಟಕವನ್ನೇ ಕಳೆದುಕೊಂಡಂತೆ. ಜಾತಿಯ ಹೆಸರೆತ್ತದೆ ಈ ನಾಡಿನ ಧರ್ಮಗಳ ಬಗ್ಗೆ ಹೇಳಿದ್ದು ಅರ್ಧ ಸತ್ಯ. 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ, ಅದರ ಆಚರಣೆ ಅಪರಾಧ ಎಂದು ಅಲ್ಲೇ, ಅದೇ ಪೀರಿಯಡ್‌ನಲ್ಲಿ ಹೇಳಬೇಕು.

ಭೇಟಿಗೆ ಅರ್ಧ ದಿನ ಸಾಕು. ಮೈಸೂರು, ಕೊಡಗಿನ ಕಡೆಯವರಿಗೆ ಬೈಲಕುಪ್ಪೆಯ ಟಿಬೆಟನ್ ವಿಹಾರ, ಬೀದರ್‌ನವರಿಗೆ ನಾನಕ್ ಝೀರಾ ಗುರುದ್ವಾರ, ಕಲಬುರಗಿಯವರಿಗೆ ಬಂದೇ ನವಾಜ್ ದರ್ಗಾ, ದಕ್ಷಿಣ ಕನ್ನಡದವರಿಗೆ ಮೂಡುಬಿದಿರೆಯ ಬಸದಿಗಳು ಹತ್ತಿರ. ವಾರದ ಮುಂಚೆ ಪೋಷಕರಿಗೆ ಪತ್ರ ಹೋಗಲಿ: ನೋಡಲು ಹೋಗುತ್ತಿದ್ದೇವೆ, ಪೂಜಿಸಲು ಅಲ್ಲ, ಗುರುದ್ವಾರದಲ್ಲಿ ತಲೆಗೆ ಬಟ್ಟೆ ಹಾಕುವುದು ಅಲ್ಲಿಯ ಮರ್ಯಾದೆ, ಪ್ರಸಾದ ತೆಗೆದುಕೊಳ್ಳುವುದು, ಬಿಡುವುದು ಮಗುವಿಗೆ ಬಿಟ್ಟದ್ದು. ಇನ್ನೊಂದು ಸಂಗತಿ ಪತ್ರದಲ್ಲಿ ಬರೆಯುವಂಥದ್ದಲ್ಲ, ಮನಸ್ಸಿನಲ್ಲಿಟ್ಟುಕೊಳ್ಳುವಂಥದ್ದು. ಮುಟ್ಟಾದವರು ಒಳಗೆ ಬರಬಾರದು ಎನ್ನುವ ಸ್ಥಳಗಳಿವೆ. ಹುಡುಗಿಯರು ಎಲ್ಲರ ಮುಂದೆ ಹೊರಗುಳಿದು ಅದನ್ನು ಸಾರಬೇಕಾದ ಸ್ಥಿತಿ ಬರುವುದಾದರೆ ಆ ಸ್ಥಳಕ್ಕೆ ಹೋಗಬೇಡಿ, ಇಲ್ಲವೇ ಇಡೀ ತರಗತಿ ಪ್ರಾಂಗಣದಲ್ಲೇ ನಿಂತು ನೋಡಲಿ.

ಇಂಗ್ಲೆಂಡ್‌ನಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡ ಕುಟುಂಬಗಳಿಗೆ ಈ ಮಾದರಿ ಪರಿಚಿತ. ಅಲ್ಲಿ ಧರ್ಮಗಳ ಅಧ್ಯಯನ ಶಾಲೆಯ ವಿಷಯವೇ. ಜಿಸಿಎಸ್‌ಇಗೆ (ಅಲ್ಲಿಯ ಹತ್ತನೇ ತರಗತಿಯಂಥ ಪರೀಕ್ಷೆಗೆ) ಆರಿಸಿದರೆ ಎರಡು ಧರ್ಮಗಳನ್ನು ಓದಬೇಕು, ಮಗುವನ್ನು ಆ ತರಗತಿಯಿಂದ ಬಿಡಿಸಿಕೊಳ್ಳುವ ಹಕ್ಕೂ ಪೋಷಕರಿಗಿದೆ. ಬಿಡಿಸಬೇಕೇ ಎಂದು ಯೋಚಿಸುತ್ತಿದ್ದರೆ ಮೊದಲು ಪಠ್ಯಕ್ರಮ ಕೇಳಿ ತರಿಸಿ ಓದಿ. ಒಂದು ಮತವನ್ನು ಒಪ್ಪಿಸುವ ಪಾಠವಲ್ಲದಿದ್ದರೆ ಬಿಡಿಸಿದ್ದರಿಂದ ನಷ್ಟ ಮಗುವಿಗೇ.

ಸಂದಿಗ್ಧಗಳ ಚರ್ಚೆ

ಎರಡು ಒಳ್ಳೆಯದರ ನಡುವೆ ಆರಿಸಬೇಕಾದ ಸನ್ನಿವೇಶವನ್ನು ಮಕ್ಕಳ ಮುಂದಿಟ್ಟು ಯೋಚಿಸಲು ಬಿಡುವುದು ಈ ದಾರಿ. ನಂಬಿಕೆಯ ಪ್ರಶ್ನೆಯೇ ಬಾರದ ಕಾರಣ ಸರ್ಕಾರಿ ಶಾಲೆಗೂ ನಿರಾತಂಕ. 60 ಮಕ್ಕಳ ತರಗತಿಗೆ ಐವರಂತೆ 12 ಗುಂಪು, 12 ಜೆರಾಕ್ಸ್ ಪ್ರತಿ, ಖರ್ಚು ಅಷ್ಟೇ.

40 ನಿಮಿಷವನ್ನು ಹೀಗೆ ಹಂಚಿ. ಓದಲು 5. ಯಾರನ್ನೂ ಕೇಳದೆ ತನ್ನ ತೀರ್ಮಾನ, ಒಂದು ಕಾರಣ ಬರೆಯಲು 4. ಗುಂಪಿನಲ್ಲಿ ಮಾತಿಗೆ 10. ಇಡೀ ತರಗತಿಯ ಚರ್ಚೆಗೆ 15. ಕೊನೆಯ 6 ನಿಮಿಷ, ಮೊದಲು ಬರೆದದ್ದರ ಕೆಳಗೇ ಮತ್ತೆ ಬರೆಯಲು: ತೀರ್ಮಾನ ಬದಲಾಯಿತೇ, ಯಾರ ಯಾವ ಮಾತಿನಿಂದ? ಮೊದಲು ಒಬ್ಬರೇ ಬರೆಯುವುದನ್ನು ಬಿಟ್ಟರೆ ಗುಂಪಿನ ಗಟ್ಟಿ ದನಿಯೇ ಎಲ್ಲರ ಅಭಿಪ್ರಾಯವಾಗುತ್ತದೆ. ಗುಂಪು ಎಂಟಕ್ಕೆ ಏರಿದರೆ ಮೂವರು ಬಾಯೇ ಬಿಡುವುದಿಲ್ಲ.

ಸನ್ನಿವೇಶ ಮಕ್ಕಳ ಬದುಕಿನಿಂದಲೇ ಬರಲಿ. ಬಿಸಿಯೂಟದಲ್ಲಿ ಮೊಟ್ಟೆ ತಿನ್ನುವವರಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಮನೆಯಲ್ಲಿ ಬೇಡವೆಂದದ್ದನ್ನು ಗೆಳತಿ ಶಾಲೆಯಲ್ಲಿ ಕೇಳಿ ಹಾಕಿಸಿಕೊಂಡಳು. ಅವಳ ತಾಯಿ ನಿನ್ನನ್ನೇ ನೇರವಾಗಿ ಕೇಳಿದರೆ ಏನು ಹೇಳುತ್ತೀ? ಪೂರ್ವಸಿದ್ಧತಾ ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊಬೈಲಿಗೆ ಬಂತು. ನೀನು ತೆರೆಯಲಿಲ್ಲ, ಮಿಕ್ಕವರೆಲ್ಲ ತೆರೆದರು. ಮುಂದೇನು? ‘ಕದಿಯಬಹುದೇ?’ ಎಂಬುದು ಸಂದಿಗ್ಧವಲ್ಲ, ಉತ್ತರ ಒಂದೇ. ಹಾಗೆಯೇ ಮನುಷ್ಯರ ಘನತೆಯನ್ನು ಮತಕ್ಕೆ ಹಾಕಬೇಡಿ. ಅಸ್ಪೃಶ್ಯತೆ ಸರಿಯೇ ಎಂಬುದು ಚರ್ಚೆಯ ವಿಷಯವಲ್ಲ. ಕಣ್ಣೆದುರು ನಡೆದದ್ದನ್ನು ಕಂಡೂ ಸುಮ್ಮನಿದ್ದವನ ಹೊಣೆ ಎಷ್ಟು ಎಂಬುದು ಚರ್ಚೆಯ ವಿಷಯ.

ಈ ದಾರಿಯ ದೊಡ್ಡ ಶತ್ರು ಕೊನೆಯ ಐದು ನಿಮಿಷ. ಚರ್ಚೆಯೆಲ್ಲ ಆದಮೇಲೆ ಶಿಕ್ಷಕರು ‘ಸರಿಯಾದ ಉತ್ತರ’ ಹೇಳಿಬಿಡುತ್ತಾರೆ. ಎರಡು ಸಲ ಹೀಗಾದರೆ ಮೂರನೆಯ ಸಲ ಮಕ್ಕಳು ಯೋಚಿಸುವುದಿಲ್ಲ, ಉತ್ತರಕ್ಕಾಗಿ ಕಾಯುತ್ತಾರೆ. ಅದಕ್ಕಿಂತ ಗಂಭೀರವಾದ ಇನ್ನೊಂದಿದೆ. ಇಂಥ ಚರ್ಚೆಯ ನಡುವೆ ಮಗುವೊಂದು ಮನೆಯ ಹಿಂಸೆಯನ್ನೋ ಬಾಲ್ಯವಿವಾಹದ ಸುದ್ದಿಯನ್ನೋ ಹೇಳಿಬಿಡಬಹುದು. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಚರ್ಚೆಯನ್ನು ಬೇರೆಡೆ ತಿರುಗಿಸಿ, ಆ ದಿನವೇ ಮಗುವಿನೊಂದಿಗೆ ಪ್ರತ್ಯೇಕವಾಗಿ ಮಾತಾಡಿ, ಮುಖ್ಯಶಿಕ್ಷಕರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098 ತರಗತಿಯ ಗೋಡೆಯ ಮೇಲೆ ಇರಲಿ.

ಸ್ವಂತ ಪರಂಪರೆಯ ಬೋಧನೆ

ಮಠದ, ಚರ್ಚಿನ, ವಕ್ಫ್ ಅಥವಾ ಟ್ರಸ್ಟಿನ ಆಡಳಿತವಿರುವ ಶಾಲೆಗಳಿಗೆ ಇದು ಸಹಜ ಆಯ್ಕೆ. ಇದರಲ್ಲಿ ಸಿಗುವ ಆಳ ಮತ್ತೆಲ್ಲೂ ಸಿಗುವುದಿಲ್ಲ. ಒಂದು ಗ್ರಂಥವನ್ನು ಮೂರು ವರ್ಷ ಬಿಡದೆ ಓದಿದ ಮಗುವಿಗೆ ಭಾಷೆ, ನೆನಪು, ಶಿಸ್ತು ಮೂರೂ ದಕ್ಕುತ್ತವೆ. ಆದರೆ ತರಗತಿಯಲ್ಲಿ ಬೇರೆ ಸಮುದಾಯದ ಮಕ್ಕಳಿದ್ದರೆ ಒಪ್ಪಿಗೆಯ ಕ್ರಮ ಚೊಕ್ಕವಾಗಿರಬೇಕು. ಪ್ರವೇಶ ಪತ್ರದ ಹಿಂಬದಿಯ ಸಣ್ಣಕ್ಷರದಲ್ಲಿ ಒಪ್ಪಿಗೆ ಹುದುಗಿಸುವುದು ತರವಲ್ಲ. ಪ್ರತ್ಯೇಕ ಹಾಳೆಯಲ್ಲಿ, ಪೋಷಕರು ಓದಬಲ್ಲ ಭಾಷೆಯಲ್ಲಿ ‘ಬೇಕು’, ‘ಬೇಡ’ ಎಂಬ ಎರಡು ಚೌಕ ಇರಲಿ. ಉತ್ತರ ಬಾರದಿದ್ದರೆ ‘ಬೇಡ’ ಎಂದೇ ಹಿಡಿಯಿರಿ. ಬೇಡವೆಂದ ಮಗು ಆ 40 ನಿಮಿಷ ಎಲ್ಲಿರುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ವರಾಂಡದಲ್ಲಿ ಕೂರಿಸಿದರೆ ಅದು ಶಿಕ್ಷೆ. ಗ್ರಂಥಾಲಯದಲ್ಲಿ ಒಬ್ಬ ಶಿಕ್ಷಕರ ಜೊತೆ ಓದಿಗೆ ಕೂರಿಸಿದರೆ ಅದು ಆಯ್ಕೆ. ಆ ಒಬ್ಬ ಶಿಕ್ಷಕರನ್ನು ಬಿಟ್ಟುಕೊಡಲಾಗದ ಶಾಲೆ ಈ ದಾರಿಗೆ ಬರಬಾರದು.

1986ರ ಬಿಜೋ ಇಮ್ಯಾನುಯೆಲ್ ಪ್ರಕರಣವನ್ನು ಎಲ್ಲ ಆಡಳಿತ ಮಂಡಳಿಗಳೂ ತಿಳಿದಿರಬೇಕು. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಧರ್ಮಶ್ರದ್ಧೆಯ ಕಾರಣ ಹಾಡುತ್ತಿರಲಿಲ್ಲ. ಶಾಲೆ ಹೊರಹಾಕಿತು. ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿತು.

ಯಾರಿಗೆ ಯಾವುದು

ಸರ್ಕಾರಿ ಪ್ರೌಢಶಾಲೆ, ದೊಡ್ಡ ತರಗತಿ, ಕೈಯಲ್ಲಿ ಹಣವಿಲ್ಲ: ಪಠ್ಯದೊಳಗೆ ಬೆರೆಸುವುದರ ಜೊತೆ 8 ಮತ್ತು 9ನೇ ತರಗತಿಗೆ ತಿಂಗಳಿಗೊಂದು ಸಂದಿಗ್ಧದ ಚರ್ಚೆ. ಹತ್ತರಲ್ಲಿ ಡಿಸೆಂಬರ್‌ಗೆ ಮುಗಿಯುವಂತೆ ನಾಲ್ಕು ಚರ್ಚೆ ಸಾಕು.

ಸಮಾಜ ವಿಜ್ಞಾನದಲ್ಲೋ ಕನ್ನಡದಲ್ಲೋ ಓದುವ ಹಂಬಲವಿರುವ, ಮಕ್ಕಳ ನಂಬಿಕೆ ಗಳಿಸಿದ ಒಬ್ಬ ಶಿಕ್ಷಕರಿದ್ದರೆ ಧರ್ಮಗಳ ಪರಿಚಯದ ಘಟಕಕ್ಕೆ ಕೈಹಾಕಿ. ಅವರು ವರ್ಗವಾಗಿ ಹೋದರೆ ಘಟಕವನ್ನೂ ನಿಲ್ಲಿಸಿ, ಟೈಂಟೇಬಲ್ ತುಂಬಲೆಂದು ಮತ್ತೊಬ್ಬರ ಕೊರಳಿಗೆ ಕಟ್ಟಬೇಡಿ. ಇತ್ತೀಚೆಗಷ್ಟೇ ಕೋಮು ಗಲಭೆ ಕಂಡ ಊರಿನಲ್ಲಿ ಮೊದಲ ವರ್ಷ ಈ ಘಟಕ ಬೇಡ. ಚರ್ಚೆಯಿಂದ ಶುರುಮಾಡಿ, ಒಬ್ಬರ ಮಾತನ್ನು ಒಬ್ಬರು ಕೇಳುವುದು ರೂಢಿಯಾದ ಮೇಲೆ ಬನ್ನಿ.

ಒಂದೇ ಸಮುದಾಯದ ಮಕ್ಕಳಿರುವ ಟ್ರಸ್ಟ್ ಶಾಲೆಯವರು ಸ್ವಂತ ಪರಂಪರೆಯ ಬೋಧನೆ ಇಟ್ಟುಕೊಂಡರೂ ವರ್ಷಕ್ಕೆ ಐದಾರು ಪೀರಿಯಡ್ ಇತರ ಧರ್ಮಗಳಿಗೆ ಬಿಡಿ. ಆ ಮಕ್ಕಳು ಪಿಯುಸಿಗೆ ಹೋಗುವ ಕಾಲೇಜಿನಲ್ಲಿ ಎಲ್ಲರೂ ಇರುತ್ತಾರೆ.

ಯಾವ ದಾರಿ ಹಿಡಿದರೂ ನಂಬಿಕೆಗೂ ನಡತೆಗೂ ಅಂಕ ಕೊಡಬೇಡಿ. ಕೊಟ್ಟರೆ ಮಕ್ಕಳು ಶಿಕ್ಷಕರು ಮೆಚ್ಚುವುದನ್ನೇ ಬರೆಯುತ್ತಾರೆ. ಅಳೆಯಬೇಕಾದದ್ದು ಮೂರು: ತೀರ್ಮಾನಕ್ಕೆ ಕಾರಣ ಕೊಟ್ಟಿದ್ದಾರೆಯೇ, ಒಪ್ಪದವರ ವಾದವನ್ನು ಅವರೂ ತಲೆಯಾಡಿಸುವಂತೆ ಬರೆದಿದ್ದಾರೆಯೇ, ಹೇಳಿದ ಸಂಗತಿ ನಿಜವೇ. ಒಬ್ಬೊಬ್ಬರಿಗೆ 100 ಪುಟದ ಒಂದು ನೋಟ್‌ಬುಕ್ ಮೂರು ವರ್ಷಕ್ಕೆ ಸಾಲುತ್ತದೆ. ಎಂಟನೇ ತರಗತಿಯ ಜುಲೈನಲ್ಲಿ ಬರೆದ ಸನ್ನಿವೇಶವನ್ನೇ ಹತ್ತನೇ ತರಗತಿಯ ನವೆಂಬರ್‌ನಲ್ಲಿ, ಹಳೆಯ ಪುಟ ತೆರೆಯದೆ, ಮತ್ತೊಮ್ಮೆ ಬರೆಸಿ. ಆಮೇಲೆ ಎರಡೂ ಪುಟಗಳನ್ನು ಅಕ್ಕಪಕ್ಕ ಇಟ್ಟು ಮಗುವಿನ ಕೈಯಲ್ಲೇ ಓದಿಸಿ.